ಅಟ್ಟ ಸೇರದ ದನಿ

ಸ್ವಾಮಿ, ಪರದೆಯ ಮೇಲೆ ನೀವು ಬೇಕಾದಷ್ಟು ಹೀರೋಗಳನ್ನು ನೋಡಿರಬಹುದು. ಬೆಟ್ಟದಿಂದ ಹಾರಿದವರು, ಬೆಂಕಿಯೊಳಗೆ ನುಗ್ಗಿದವರು, ಒಂದು ಕೈಯಲ್ಲಿ ರೌಡಿಗಳನ್ನು ಮಲಗಿಸುತ್ತಾ ಇನ್ನೊಂದು ಕೈಯಲ್ಲಿ ಕ್ರಾಪು ತೀಡಿಕೊಂಡವರು. ಇರಲಿ ಪಾಪ, ಅವರ ಹೊಟ್ಟೆಪಾಡು. ಆದರೆ ಹುಡುಕಿಕೊಂಡು ಬಂದ ಕಾಲೇಜು ಸೀಟನ್ನು, ಹೊರಟ ಬಸ್ಸನ್ನು, ಬಾಗಿಲಿಗೆ ಬಂದ ಭವಿಷ್ಯವನ್ನು, ಪಕ್ಕದ ಮನೆಯ ತಾಯಿಯ ಒಂದೇ ಒಂದು ಕೂಗಿಗೆ ಬಿಟ್ಟು ಬಂದ ಗಂಡನ್ನು ನೋಡಿದ್ದೀರಾ? ನೋಡಿಲ್ಲದಿದ್ದರೆ ನಮ್ಮೂರ ಟಾಕೀಸಿಗೆ ಬನ್ನಿ. ಗೇಟಿನಲ್ಲಿ ಟಿಕೆಟ್ ಹರಿಯುತ್ತಾ ನಿಂತಿರುತ್ತಾನೆ. ಹೆಸರು ರೇಣುಕಪ್ರಸಾದ. ಊರಿನವರು ಕರೆಯುವುದು ರೀಲು ಅಂತ. ಆ ರೀಲು ನಾನೇ.

ನಮ್ಮಪ್ಪ ರುದ್ರಸ್ವಾಮಿ ಆ ಟಾಕೀಸಿನ ಆಪರೇಟರ್. ಅವ್ವ ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಳು. ಹಾಗಾಗಿ ನಾನು ತೊಟ್ಟಿಲಲ್ಲಿ ಬೆಳೆದವನಲ್ಲ, ಪ್ರೊಜೆಕ್ಟರ್ ರೂಮಿನಲ್ಲಿ ಬೆಳೆದವನು. ಜೋಗುಳ ಕೇಳಬೇಕಾದ ವಯಸ್ಸಿನಲ್ಲಿ ವಿಲನ್ನಿನ ನಗು ಕೇಳಿಕೊಂಡು ಮಲಗಿದ್ದೇನೆ. ನಾನು ಆಡಿದ ಮೊದಲ ಮಾತು 'ಅಪ್ಪ' ಅಲ್ಲವಂತೆ, 'ಯಾರಲ್ಲಿ!' ಅಂತೆ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅದು ನನ್ನ ಗಂಟಲಿಗೆ ಬಂದು ಚಕ್ಕಳಮಕ್ಕಳ ಹಾಕಿ ಕೂರುತ್ತಿತ್ತು. ತರಕಾರಿ ಗಾಡಿಯವನ ದನಿಯಲ್ಲಿ ಬೀದಿಯ ಹೆಂಗಸರನ್ನೆಲ್ಲ ಬುಟ್ಟಿ ಹಿಡಿದು ಹೊರಗೆ ಬರಿಸುತ್ತಿದ್ದೆ. ಬೈಸಿಕೊಳ್ಳುತ್ತಿದ್ದೆ. ಮರುದಿನ ಮತ್ತೆ ಬರಿಸುತ್ತಿದ್ದೆ.

ನಮ್ಮೂರಿನಲ್ಲಿ ಗಂಟಲು ಅಂದರೆ ಸಣ್ಣ ಸಂಗತಿಯಲ್ಲ. ಓದಲಿಕ್ಕೋ ಕೆಲಸಕ್ಕೋ ಊರು ಬಿಡುವವರ ದನಿ ಅವರ ಜೊತೆ ಹೋಗುವುದಿಲ್ಲ. ಬಸ್ಸು ಸೇತುವೆ ದಾಟುವಾಗ ಗಂಟಲಿನಿಂದ ಇಳಿದು, ತಿರುಗಿ ಬಂದು, ಮನೆಯ ಅಟ್ಟ ಸೇರಿಕೊಳ್ಳುತ್ತದೆ. ಸಂತೆಗೆ, ಮದುವೆಗೆ ಹೋಗಿ ಬರುವವರಿಗೆ ಏನೂ ಆಗುವುದಿಲ್ಲ. ಇವನು ಸಂಜೆಗೆ ಬರುವವನು, ಇವನು ಬರುವವನಲ್ಲ ಅನ್ನುವುದು ದನಿಗೆ ಹೇಗೋ ತಿಳಿಯುತ್ತದೆ. ಹೋದವರು ಆರು ತಿಂಗಳೋ ವರ್ಷವೋ ಮೂಕರಾಗಿದ್ದು, ಆಮೇಲೆ ಹೋದ ಊರಿನ ನೀರು ಹಿಡಿದು ಅವರಿಗೆ ಬೇರೆ ದನಿ ಮೊಳೆಯುತ್ತದೆ. ರಜೆಗೆ ಬಂದ ಮಗ ಬಾಗಿಲಲ್ಲಿ ನಿಂತು 'ಅಮ್ಮಾ' ಅಂದರೆ ತಾಯಿ ಒಳಗಿನಿಂದ 'ಬನ್ನಿ, ಕೂತ್ಕೊಳ್ಳಿ' ಅಂದುಬಿಡುತ್ತಾಳೆ. ಆಮೇಲೆ ಹೊರಗೆ ಬಂದು ಮುಖ ನೋಡಿ ಸೆರಗು ಬಾಯಿಗಿಟ್ಟುಕೊಳ್ಳುತ್ತಾಳೆ. ಇದಕ್ಕೆ ಯಾರೂ ಯಾರ ಮೇಲೂ ಬೇಸರ ಮಾಡಿಕೊಳ್ಳುವುದಿಲ್ಲ. ಬಂದವನು ಕೂರುತ್ತಾನೆ, ಕಾಫಿ ಕುಡಿಯುತ್ತಾನೆ, ಅಟ್ಟದ ಮೇಲೆ ತನ್ನ ಹಳೆಯ ದನಿ ಹರಟುತ್ತಿರುವುದನ್ನು ತಲೆ ಎತ್ತಿ ಕೇಳುತ್ತಾನೆ.

ಅಟ್ಟದ ದನಿ ಹೊಸ ಮಾತು ಕಲಿಯುವುದಿಲ್ಲ. ಹೊರಡುವ ದಿನ ಎದ್ದಾಗಿನಿಂದ ಬಸ್ಸು ಹತ್ತುವವರೆಗೆ ಏನೇನು ಆಡಿದ್ದೆಯೋ ಅಷ್ಟೇ ಅದರ ಆಸ್ತಿ. ಅದಕ್ಕೇ ನಮ್ಮಲ್ಲಿ ಆ ದಿನವನ್ನು 'ದನಿ ಕೂರಿಸೋದು' ಅನ್ನುತ್ತಾರೆ. ಹೊರಡುವವರನ್ನು ಮಣೆಯ ಮೇಲೆ ಕೂರಿಸಿ, ಬೇಕಾದ ಮಾತನ್ನೆಲ್ಲ ಆಡಿಸಿಕೊಳ್ಳುತ್ತಾರೆ. 'ಅಮ್ಮ, ಊಟ ಆಯ್ತಾ ಅನ್ನು.' 'ಅಜ್ಜೀ, ಮಾತ್ರೆ ತಗೊಂಡ್ಯಾ ಅನ್ನು.' 'ಒಂದ್ಸಲ ನಗು.' ಹೀಗೆ. ಈ ಎಚ್ಚರ ಇಲ್ಲದ ಮನೆಗಳೂ ಇವೆ. ನಮ್ಮ ಬೀದಿಯ ಕೊನೆಯ ಮನೆಯ ಮಗ ಬಸ್ಸಿಗೆ ತಡವಾಯಿತೆಂದು ಬೆಳಗಿನಿಂದ ಎಗರಾಡಿದ್ದ. ಇವತ್ತಿಗೂ ಆ ಅಟ್ಟ ಬೆಳಗಾದರೆ 'ನನ್ ಸಾಕ್ಸ್ ಎಲ್ಲಿಟ್ಟೆ, ಕಣ್ಣು ಕಾಣಲ್ವಾ ನಿಂಗೆ' ಅನ್ನುತ್ತದೆ. ಅವನ ತಾಯಿ ಒಲೆಯ ಮುಂದಿನಿಂದಲೇ 'ಅಲ್ಲೇ ಇದೆ ನೋಡು ಮಗಾ' ಅನ್ನುತ್ತಾಳೆ. ಬೈಗುಳವೂ ಮಗನದೇ ತಾನೆ.

ಇಂಥ ಊರಿನಲ್ಲಿ ಪಿಯುಸಿ ಮೊದಲ ವರ್ಷದ ಮಕ್ಕಳನ್ನು ಮುಂದಿನ ಓದಿಗೆ ತಯಾರು ಮಾಡುವುದು ಅಂದರೆ ತಮಾಷೆಯಲ್ಲ. ಆ ಕೆಲಸ ತಾರಾಮತಿ ಮೇಡಮ್ಮದು. ಇತಿಹಾಸ ಹೇಳುತ್ತಿದ್ದರು, ಶನಿವಾರದ ಕೊನೆಯ ಪೀರಿಯಡ್ಡಿನಲ್ಲಿ ಇತಿಹಾಸ ಮುಚ್ಚಿಟ್ಟು, ಸೈನ್ಸಿನವರನ್ನೂ ಕರೆದು ಕೂರಿಸಿಕೊಂಡು, 'ಮುಂದೇನು?' ಅಂತ ಬೋರ್ಡಿನ ಮೇಲೆ ಬರೆಯುತ್ತಿದ್ದರು. ಅವರೂ ಓದಲು ಹೋಗಿ ಬಂದವರೇ. ಹೋಗುವಾಗ ಎಳೆ ಹುಡುಗಿಯ ದನಿ, ಬರುವಾಗ ಹಂಡೆಯೊಳಗಿನಿಂದ ಬಂದಂಥ ದನಿ. ಅವರ ಹಳೆಯ ದನಿ ತವರಿನ ಅಟ್ಟದಲ್ಲಿದೆ. ತಾಯಿ ತೀರಿಕೊಂಡು ಆ ಮನೆಗೆ ಬೀಗ ಬಿದ್ದಿದ್ದರೂ ಬೀದಿಯಲ್ಲಿ ಹೋಗುವವರಿಗೆ ಕೇಳುತ್ತದೆ: 'ಅಮ್ಮಾ, ಬಸ್ಸು ಬಂತು, ಬೇಗ ಜಡೆ ಹಾಕೇ.' ಮೇಡಂ ಕಾಲೇಜಿಗೆ ಬರುವಾಗ ಆ ಬೀದಿಯಲ್ಲಿ ಬರುವುದಿಲ್ಲ. ಮಾರುಕಟ್ಟೆ ಸುತ್ತಿಕೊಂಡು ಬರುತ್ತಾರೆ.

ಅವರ ಕ್ಲಾಸಿನಲ್ಲಿ ಇಂಟರ್ವ್ಯೂ ಅಭ್ಯಾಸ ನಡೆಯುತ್ತಿದ್ದದ್ದು ಬಾಯಿ ಮುಚ್ಚಿಕೊಂಡು, ಹೋದ ಮೇಲೆ ಮೂಕರಾಗಿ ಕಳೆಯಬೇಕಾದ ದಿನಗಳಿಗೆ ಈಗಲೇ ಪಳಗಲಿ ಅಂತ. ಎದುರಿಗೆ ಮೇಡಂ, ಈ ಕಡೆ ಬಾಯಲ್ಲಿ ಕರ್ಚೀಫ್ ಕಚ್ಚಿಕೊಂಡ ನಾವು, ಕೈಯಲ್ಲಿ ಒಂದು ಸ್ಲೇಟು. 'ಈ ಕೋರ್ಸ್ ನಿಂಗ್ಯಾಕೆ ಬೇಕು?' ಸ್ಲೇಟಿನ ಮೇಲೆ ಉತ್ತರ ಬರೆಯಬೇಕು. ತುಂಬಾ ಬರೆದರೆ ಸ್ಲೇಟು ಸಾಲದು. 'ಏನ್ ಬೇಕು ಅಂತ ಗೊತ್ತಿದ್ರೆ ಒಂದು ಸ್ಲೇಟು ಮಾತು ಸಾಕು ಕಣ್ರೋ. ಗೊತ್ತಿಲ್ದೇ ಇದ್ರೆ ಬಾಯಿ ಇದ್ರೂ ಸಾಲಲ್ಲ' ಅನ್ನುತ್ತಿದ್ದರು. ಯಾರಿಗೆ ಯಾವುದು ಹೊಂದುತ್ತದೆ ಅಂತ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಯೋಚಿಸುತ್ತಿದ್ದರು. ಲ್ಯಾಬು ಜಾಸ್ತಿ ಇರುವ ಕೋರ್ಸು ಒಳ್ಳೆಯದು, ಮೊದಲ ವರ್ಷ ಮಾತಿಲ್ಲದೆ ದಾಟಬಹುದು. ನರ್ಸಿಂಗ್ ಅಡ್ಡಿಯಿಲ್ಲ, ನೋವಿನಲ್ಲಿದ್ದವರಿಗೆ ಕೈ ಮುಟ್ಟಿದರೂ ಸಾಕು. ಲಾಯರಾಗುವವರು ಒಂದು ವರ್ಷ ಕಾದು ಸೇರಿ. ಟೀಚರ್ ಆಗಬೇಕೆಂದಿದ್ದ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು 'ಬರೋ ದನಿ ಎಂಥದ್ದೋ ಗೊತ್ತಿಲ್ಲ, ಆದ್ರೆ ಮಕ್ಕಳು ಒಗ್ಗಿಕೊಳ್ತಾವೆ. ನೀವು ನಂಗೆ ಒಗ್ಗಿಲ್ವಾ?' ಅಂದರು.

ನಾನು ಆ ಕ್ಲಾಸಿನಲ್ಲಿ ಏನು ಮಾಡುತ್ತಿದ್ದೆ ಅಂತೀರಾ? ಕರ್ಚೀಫ್ ಕಚ್ಚಿಕೊಂಡೇ ಮೂಗಿನಲ್ಲಿ ಹಿನ್ನೆಲೆ ಸಂಗೀತ ಹಾಕುತ್ತಿದ್ದೆ. ಒಂದು ದಿನ ಆಫೀಸಿನ ಮೈಕಿನಲ್ಲಿ ಪ್ರಿನ್ಸಿಪಾಲರ ದನಿಯಲ್ಲಿ 'ವಿದ್ಯಾರ್ಥಿಗಳೇ, ಮಧ್ಯಾಹ್ನದ ತರಗತಿಗಳು ಇರುವುದಿಲ್ಲ' ಅಂದೆ. ಕಾಲೇಜು ಖಾಲಿಯಾಯಿತು. ಪ್ರಿನ್ಸಿಪಾಲರೂ ಟಿಫನ್ ಕ್ಯಾರಿಯರ್ ಹಿಡಿದು ಹೊರಟರು. ಗೇಟಿನ ಹತ್ತಿರ ಹೋದ ಮೇಲೆ ಅವರಿಗೆ ಹೊಳೆಯಿತಂತೆ, ನಾನ್ಯಾವಾಗ ಹೇಳಿದೆ ಅಂತ. ಅವರು ಬೆತ್ತ ಹುಡುಕುತ್ತಿದ್ದಾಗ ತಾರಾಮತಿ ಮೇಡಂ ನನ್ನನ್ನು ಖಾಲಿ ಕ್ಲಾಸಿಗೆ ಎಳೆದುಕೊಂಡು ಹೋಗಿ ಸ್ಲೇಟು ಕೊಟ್ಟರು. 'ಎಲ್ಲರೂ ಬರೆದಾಯ್ತು, ನೀನೊಬ್ಬ ಬರೆದಿಲ್ಲ. ಏನಾಗ್ಬೇಕು ನಿಂಗೆ?'

'ಮೇಡಂ, ಈ ಗಂಟ್ಲು ಒಂದ್ಸಲ ತೆರೀತು ಅಂದ್ರೆ ಮುಂದಿನ ಬೆಂಚು ಮಾತ್ರ ಅಲ್ಲ, ಹಿಂದಿನ ಜನ್ಮದೋರೂ ತಿರುಗಿ ನೋಡ್ಬೇಕು!'

'ಡೈಲಾಗು ಸಾಕು. ಬರಿ.'

ಬರೆದೆ. ಡಬ್ಬಿಂಗ್. ಮೇಡಂ ಆ ಪದವನ್ನು ಬಹಳ ಹೊತ್ತು ನೋಡಿದರು. ಊರಿಗೂ ಗೊತ್ತು, ನನಗೂ ಗೊತ್ತು. ದನಿಯನ್ನೇ ನಂಬಿದ ಕೆಲಸ, ದನಿಯೇ ದಾಟದ ಸೇತುವೆ. 'ಬೇರೇನಾದ್ರೂ?' ಅಂದರು. 'ಬೇರೇನೂ ಬರಲ್ಲ ಮೇಡಂ' ಅಂದೆ. ಆ ಸಲ ಡೈಲಾಗಿನ ದನಿಯಲ್ಲಿ ಹೇಳಲಿಲ್ಲ ಅನ್ನಿಸುತ್ತದೆ, ಯಾಕೆಂದರೆ ಅವರು ಬೈಯಲಿಲ್ಲ.

ಎಷ್ಟೋ ಶನಿವಾರಗಳಾದ ಮೇಲೆ ಒಂದು ದಿನ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರು. ದೊಡ್ಡ ಊರೊಂದರಲ್ಲಿ ಸಿನಿಮಾದ ಶಬ್ದ ಕಲಿಸುವ ಕಾಲೇಜಿದೆ. ರೆಕಾರ್ಡಿಂಗು, ಮಿಕ್ಸಿಂಗು. ನಾನು ಸಿಟ್ಟಿನಲ್ಲಿ, 'ಅಂದ್ರೆ ಬೇರೆಯೋರು ಮಾತಾಡ್ತಾರೆ, ನಾನು ಬಟನ್ ಒತ್ಕೊಂಡು ಕೂತಿರೋದಾ?' ಅಂದೆ.

'ನೀನು ಗಂಟ್ಲು ಗಂಟ್ಲು ಅಂತ ಕುಣೀತೀಯ. ಪ್ರಿನ್ಸಿಪಾಲ್ರು "ಳ" ಅನ್ನೋವಾಗ ನಾಲಿಗೆ ಎಲ್ಲಿಡ್ತಾರೆ ಅಂತ ಕೇಳಿಸ್ಕೊಂಡಿದ್ದು ಯಾವ್ದೋ? ಗಂಟ್ಲಾ? ನಿನ್ನ ಬಂಡವಾಳ ಕಿವಿ ಕಣೋ ದಡ್ಡ. ಸೇತುವೆ ದಾಟಿದ್ರೆ ಕಿವಿ ಬಿದ್ದೋಗಲ್ಲ.'

ಅವತ್ತಿನಿಂದ ಎರಡನೇ ವರ್ಷದ ಪರೀಕ್ಷೆಯವರೆಗೂ ನನ್ನನ್ನು ಬಿಡಲಿಲ್ಲ. ಕಣ್ಣು ಮುಚ್ಚಿಸಿ ಕಿಟಕಿಯ ಹತ್ತಿರ ಕೂರಿಸುತ್ತಿದ್ದರು. ಏನು ಕೇಳಿಸಿತು? ಸೈಕಲ್ಲು. ಯಾವ ಸೈಕಲ್ಲು? ಚೈನು ಸಡಿಲಾದದ್ದು. ಹತ್ತಿದವರು ಯಾರು? ದಪ್ಪನೆಯವರು, ಹಿಂದೆ ಮಗು ಕೂತಿದೆ. ಹೀಗೆ. ನಾನು ಆಕಳಿಸಿದರೆ ಡಸ್ಟರ್ ಬರುತ್ತಿತ್ತು. ಅಂತೂ ಬಾಯಿ ಬಿಡದೆ, ಅರ್ಜಿಯಲ್ಲಿ ಬರೆದ ಒಂದು ಸ್ಲೇಟು ಮಾತಿನಲ್ಲಿ ಸೀಟು ಸಿಕ್ಕಿತು. ಅಪ್ಪ ಅವತ್ತು ಟಾಕೀಸಿನಲ್ಲಿ ಇಂಟರ್ವಲ್ಲಿಗೆ ಲೈಟು ಹಾಕುವುದನ್ನೇ ಮರೆತರು.

ಈಗ ಇಂದುಧರನ ವಿಷಯಕ್ಕೆ ಬರುತ್ತೇನೆ. ನಮ್ಮದು ಸಾಲು ಮನೆಗಳು, ಒಂದೇ ಹೆಂಚಿನ ಮಾಡು. ನಮ್ಮ ಅಟ್ಟಕ್ಕೂ ಪಕ್ಕದ ಮನೆಯ ಅಟ್ಟಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ. ಆ ಪಕ್ಕದ ಮನೆ ಚೆನ್ನಾಜಮ್ಮನದು. ಸೀರೆಗಳಿಗೆ ಫಾಲ್ ಹೊಲಿದು ಮಗನನ್ನು ಓದಿಸುತ್ತಿದ್ದ ಹೆಂಗಸು. ನಾನು ದೊಡ್ಡಮ್ಮ ಅನ್ನುತ್ತಿದ್ದೆ; ಅವರ ಮನೆಯಲ್ಲಿ ತಿಂದ ಮುದ್ದೆಯಲ್ಲೇ ನನ್ನ ಮೈಯ ಅರ್ಧ ಬೆಳೆದದ್ದು. ಮಗ ಇಂದುಧರ ನನ್ನ ಬೆಂಚಿನವನು. ಅವನಿಗೆ ಮಾತು ತೊದಲುತ್ತಿತ್ತು. ಹಾಜರಿ ಕೂಗಿದಾಗ 'ಪ್ರೆ... ಪ್ರೆ...' ಅನ್ನುವಷ್ಟರಲ್ಲಿ ಮುಂದಿನವನ ಹೆಸರು ಬಂದಿರುತ್ತಿತ್ತು. ಇಡೀ ಕ್ಲಾಸು ನಗುತ್ತಿತ್ತು. ಅವನ ತೊದಲನ್ನು ಅವನಿಗಿಂತ ಚೆನ್ನಾಗಿ ನಾನು ಮಾಡುತ್ತಿದ್ದೆ, ಅದಕ್ಕೆ ಎಲ್ಲರಿಗಿಂತ ಹೆಚ್ಚು ಅವನೇ ನಗುತ್ತಿದ್ದ.

'ಮುಂದೇನು?' ಕ್ಲಾಸಿಗೆ ಅವನಷ್ಟು ಖುಷಿಯಿಂದ ಬರುತ್ತಿದ್ದವರು ಇನ್ನೊಬ್ಬರಿರಲಿಲ್ಲ. ಎಲ್ಲರಿಗೂ ದನಿ ಹೋಗುತ್ತದೆಂಬ ದುಃಖ, ಇವನಿಗೆ ಹಬ್ಬ. ಕರ್ಚೀಫ್ ಕಚ್ಚಿಕೊಂಡು ಸ್ಲೇಟು ಹಿಡಿದರೆ ಅವನಿಗಿಂತ ಜಾಣನಿಲ್ಲ. ಫಾರ್ಮಸಿ ಡಿಪ್ಲೊಮಾ ಸೀಟು ನಮ್ಮೆಲ್ಲರಿಗಿಂತ ಮೊದಲೇ ಸಿಕ್ಕಿತು. ಹೊರಡುವ ಹಿಂದಿನ ದಿನ ಟಾಕೀಸಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಹೇಳಿದ, 'ನಾ... ನಾಳೆ ನಾನು ಬಾ... ಬಾಯೇ ಬಿಡಲ್ಲ ಕಣೋ.'

'ಯಾಕ್ಲಾ? ದನಿ ಕೂರ್ಸೋದು ಬೇಡ್ವಾ?'

'ಇ... ಇದನ್ನಾ? ಅಟ್ಟದ್ಮೇಲೆ ಇದು ಕೂ... ಕೂತ್ಕೊಂಡು ದಿನಾ ತೊ... ತೊದಲ್ತಾ ಇದ್ರೆ ಬೀದಿಯೋರೆಲ್ಲ ನಿಂತು ನಗ್ತಾರೆ. ಅಮ್ಮ ಅ... ಅದನ್ನ ಕೇಳ್ಕೊಂಡು ಬದುಕ್ಬೇಕಾ? ಹೊ... ಹೊಸಾ ದನಿ ಬಂದ್ಮೇಲೆ ಬಂದು ಚೆ... ಚೆನ್ನಾಗಿ ಮಾತಾಡ್ತೀನಿ ಬುಡು.'

ನಾನು ಅದಕ್ಕೂ ಒಂದು ಡೈಲಾಗು ಹೊಡೆದೆ. ಏನೆಂದು ನೆನಪಿಲ್ಲ. ತಡೆಯಲಂತೂ ಇಲ್ಲ.

ಮರುದಿನ ಬೀದಿಯವರೆಲ್ಲ ಅವರ ಮನೆಯಲ್ಲಿ. ಚೆನ್ನಾಜಮ್ಮ ಶಾವಿಗೆ ಪಾಯಸ ಮಾಡಿ, ಮಣೆ ಹಾಕಿ, ಅಟ್ಟ ಗುಡಿಸಿ ಹೊಸ ಚಾಪೆ ಹಾಸಿದ್ದರು. ಇಂದುಧರ ಮಣೆಯ ಮೇಲೆ ಕೂತ. ಪಾಯಸ ಕುಡಿದ. ತುಟಿ ಬಿಚ್ಚಲಿಲ್ಲ. 'ಅಮ್ಮ ಅನ್ನು ಕಂದಾ.' ತಲೆ ತಗ್ಗಿಸಿದ. 'ಊಟ ಆಯ್ತಾ ಅನ್ನು. ಹೋಗ್ಲಿ, ಕೆಮ್ಮು. ಒಂದು ಕೆಮ್ಮು ಕೆಮ್ಮಪ್ಪ.' ಇಲ್ಲ. ಅವರು ಅವನ ಗಲ್ಲ ಹಿಡಿದು, 'ಬಯ್ಯೋದಾದ್ರೂ ಬಯ್ಯೋ, ಬಯ್ದ್ರೂ ಇಟ್ಕೋತೀನಿ' ಅಂದರು. ಅವನ ಕಣ್ಣಲ್ಲಿ ನೀರು ಬಂತು, ಮಾತು ಬರಲಿಲ್ಲ. ಬಸ್ಸು ಹತ್ತಿ ಕಿಟಕಿಯಿಂದ ಕೈ ಬೀಸುತ್ತಾ ಹೋದ.

ನಮ್ಮಲ್ಲಿ ಮರುದಿನ ನೆರೆಯವರು ಸಕ್ಕರೆ ಹಿಡಿದು ದನಿ ಕೇಳಲು ಬರುವುದು ವಾಡಿಕೆ. ಬಂದರು. ಸಾಲಾಗಿ ಕೂತು ಅಟ್ಟದ ಕಡೆ ನೋಡಿದರು. ಸೊಳ್ಳೆಯ ಸದ್ದು ಬಿಟ್ಟರೆ ಏನೂ ಇಲ್ಲ. ಸತ್ತವರ ಮನೆಯಿಂದ ಎದ್ದು ಹೋಗುವವರ ಹಾಗೆ ಹೇಳದೆ ಕೇಳದೆ ಒಬ್ಬೊಬ್ಬರೇ ಎದ್ದು ಹೋದರು. ಚೆನ್ನಾಜಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತು ಪೆಡಲು ತುಳಿಯತೊಡಗಿದರು. ಸೂಜಿಯ ಕೆಳಗೆ ಬಟ್ಟೆಯೇ ಇರಲಿಲ್ಲ.

ಹೀರೋ ಎಂಟ್ರಿ ಕೊಟ್ಟಿದ್ದು ಇಲ್ಲಿ ಸ್ವಾಮಿ. ನನ್ನ ಬಸ್ಸಿಗೆ ಇನ್ನೂ ಎರಡು ವಾರವಿತ್ತು. ಮಾರನೆಯ ಬೆಳಗ್ಗೆ ನಮ್ಮ ಅಟ್ಟ ಹತ್ತಿ, ಗೋಡೆ ದಾಟಿ, ಆ ಹೊಸ ಚಾಪೆಯ ಮೇಲೆ ಹೊಟ್ಟೆ ಅಡಿ ಮಾಡಿ ಮಲಗಿ, ಇಂದುಧರನ ದನಿ ತೆಗೆದೆ. 'ಅ... ಅ... ಅಮ್ಮಾ. ಕಾ... ಕಾಫಿ.'

ಮಿಷನ್ನು ನಿಂತಿತು. ಚೆನ್ನಾಜಮ್ಮ ಎದ್ದು ಬಂದು ಅಟ್ಟದ ಕೆಳಗೆ ನಿಂತರು. ಹಲಗೆಯ ಸಂದಿಯಿಂದ ಅವರ ಬೈತಲೆ ಕಾಣುತ್ತಿತ್ತು. ಆಮೇಲೆ 'ಬಂದೆ ಕಣಪ್ಪ' ಅಂದು ಒಳಗೆ ಹೋಗಿ ಕಾಫಿ ತಂದು ಅಟ್ಟದ ಅಂಚಿನಲ್ಲಿ ಇಟ್ಟರು. ದನಿಗೆ ಕಾಫಿ ಇಡುವುದು ನಮ್ಮೂರ ತಾಯಂದಿರ ರೂಢಿ. ಆರಿದ ಮೇಲೆ ತಾವೇ ಕುಡಿಯುತ್ತಾರೆ. ನಾನೋ, ಬೆಳಗಿನ ಖಾಲಿ ಹೊಟ್ಟೆ, ಬಿಸಿ ಕಾಫಿ, ಗಟಗಟ ಕುಡಿದುಬಿಟ್ಟೆ. ಕುಡಿದಾದ ಮೇಲೆ ಹೊಳೆಯಿತು, ದನಿ ಕಾಫಿ ಕುಡಿಯುವುದಿಲ್ಲ ಅಂತ. ಅವರು ಖಾಲಿ ಲೋಟ ತೆಗೆದುಕೊಂಡು ಒಳಗೆ ಹೋದರು. ಅನುಮಾನವೇ ಬರಲಿಲ್ಲ ಅಂದುಕೊಂಡೆ. ನನ್ನ ನಟನೆ ಅಂದರೆ ಸುಮ್ಮನೆಯೇ?

ಎರಡು ದಿನದಲ್ಲಿ ಸುದ್ದಿ ಬೀದಿಗೆ ಹರಡಿತು. 'ಬಸ್ಸತ್ತೋವಾಗ ಏನೋ ಗೊಣಗಿರ್ಬೇಕು ಹುಡ್ಗ. ನಿಧಾನಕ್ಕೆ ಬಂದು ಕೂತದೆ' ಅಂದರು. ಸಕ್ಕರೆ ಮತ್ತೆ ಬಂತು. ನಾನು ದಿನಾ ಬೆಳಗ್ಗೆ ತೊದಲಿದೆ. 'ಹು... ಹುಷಾರು ಅಮ್ಮ.' 'ಊ... ಊಟ ಮಾಡು.' ಕೆಳಗಿನಿಂದ 'ಆಯ್ತಪ್ಪ' ಅನ್ನುವ ಉತ್ತರ. ಈ ನಡುವೆ ಮೇಡಂ ದಾರಿಯಲ್ಲಿ ಸಿಕ್ಕಿದಾಗೆಲ್ಲ 'ಚೀಲ ಕಟ್ಟಿದ್ಯಾ? ಏನೇನ್ ಮಾತು ಕೂರಿಸ್ಬೇಕು ಅಂತ ಅಪ್ಪನ್ನ ಕೇಳಿದ್ಯಾ?' ಅನ್ನುತ್ತಿದ್ದರು. ನನ್ನ ತಲೆ ಎರಡು ಹೋಳಾಗಿತ್ತು. ನಾನು ಹೋದರೆ ಆ ಅಟ್ಟದಲ್ಲಿ ಯಾರು? ಹೋಗದಿದ್ದರೆ ನನ್ನ ಓದು?

ಕೊನೆಗೂ ಆ ದಿನ ಬಂತು. ಬಸ್ಸು ಹತ್ತಿದೆ. ಬಸ್ಸು ಹೊರಟಿತು. ಸೇತುವೆ ಹತ್ತಿರವಾಗುತ್ತಿದ್ದಂತೆ ಹಿಂದಿನಿಂದ ಒಂದು ಕೂಗು: 'ಮಗಾ! ಹೋಗ್ಬೇಡ ಕಣೋ!' ತಿರುಗಿ ನೋಡಿದರೆ ಧೂಳಿನಲ್ಲಿ ಸೆರಗು ಹಾರಿಸಿಕೊಂಡು ಓಡಿ ಬರುತ್ತಿದ್ದಾರೆ ಚೆನ್ನಾಜಮ್ಮ. ನಾನು ಎದ್ದು ನಿಂತೆ. 'ಡ್ರೈವರ್! ಗಾಡಿ ನಿಲ್ಸು! ಸೀಟು ಸಾವಿರ ಕಾಲೇಜಲ್ಲಿ ಸಿಗುತ್ತೆ, ತಾಯಿ ಒಂದೇ ಮನೇಲಿ ಸಿಗೋದು!' ಅಂದು ಹಾರಿದೆ.

ಟಾಕೀಸಿನ ಗೇಟಿನಲ್ಲಿ ನಾನು ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತೇನೆ. ಜನ ಶಿಳ್ಳೆ ಹೊಡೆಯುತ್ತಾರೆ. ಕೆಲವರು ಕಣ್ಣೊರೆಸಿಕೊಳ್ಳುತ್ತಾರೆ.

ತಾರಾಮತಿ ಮೇಡಂ ಒಮ್ಮೆ ಸಿನಿಮಾಕ್ಕೆ ಬಂದರು. ಅವರು ಸಿನಿಮಾ ನೋಡುವವರಲ್ಲ. ಟಿಕೆಟ್ ನನ್ನ ಕೈಗೆ ಕೊಟ್ಟು, ನಾನು ಹರಿದು ಅರ್ಧ ವಾಪಸ್ಸು ಕೊಡುವವರೆಗೂ ನನ್ನ ಮುಖವನ್ನೇ ನೋಡಿದರು. 'ಗಂಟ್ಲು ಚೆನ್ನಾಗಿದ್ಯಾ?' ಅಂದರು. 'ಸೂಪರ್ ಮೇಡಂ' ಅಂದೆ, ಪ್ರಿನ್ಸಿಪಾಲರ ದನಿಯಲ್ಲಿ. ನಗಲಿಲ್ಲ. ಒಳಗೆ ಹೋಗಿ ಇಂಟರ್ವಲ್ಲಿಗೂ ಮೊದಲೇ ಎದ್ದು ಹೋದರು. ಈ ವರ್ಷದ ಮಕ್ಕಳಿಗೆ ಅವರು 'ಮುಂದೇನು?' ಕ್ಲಾಸಿನಲ್ಲಿ ಮೊದಲೇ ಹೇಳುತ್ತಾರಂತೆ, ಯಾರ ಕೂಗಿಗೂ ಬಸ್ಸಿನಿಂದ ಇಳಿಯಬೇಡಿ ಅಂತ.

ಮರುವರ್ಷದ ದೀಪಾವಳಿಗೆ ಇಂದುಧರ ಬಂದ. ತೆಳ್ಳಗಾಗಿದ್ದ, ಬಿಳಿ ಅಂಗಿ. ಅಪ್ಪಟ ರೇಡಿಯೋ ದನಿ ಬಂದಿತ್ತು ಅವನಿಗೆ, ಒಂದು ಕಡೆಯೂ ಎಡವದೆ ಹರಿಯುವ ದನಿ. ಅವನ ತಾಯಿಯೂ ಒಳಗಿನಿಂದ 'ಬನ್ನಿ' ಅಂದಿದ್ದರಂತೆ. ಗೇಟಿನ ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡ. ಅಟ್ಟದಲ್ಲಿ ಎರಡು ವಾರ ದನಿ ಇದ್ದು ಆಮೇಲೆ ನಿಂತಿತು ಅಂತ ಬೀದಿಯವರು ಹೇಳಿದಾಗಲೇ, ತೊದಲಿದ್ದು ನಾನೇ ಅನ್ನುವುದು ಅವನಿಗೆ ತಿಳಿದಿತ್ತು; ತಾನು ಬಾಯೇ ಬಿಟ್ಟಿಲ್ಲವಲ್ಲ.

'ನಮ್ಮಮ್ಮನ ಪರವಾಗಿ ನಾನು ಕ್ಷಮೆ ಕೇಳ್ತೀನಿ ಕಣೋ' ಅಂದ. 'ಬೀದೀಲಿ ಎಲ್ರೂ ಅದನ್ನೇ ಹೇಳಿದ್ರು. ನಾನು ಬಾಯಿ ಮುಚ್ಕೊಂಡು ಹೋದೆ, ಅಮ್ಮ ಒಂಟಿಯಾಗಿ ನಿನ್ನ ಕೂಗ್ಬಿಟ್ಲು. ನಿನ್ನ ಓದು ಹಾಳಾಯ್ತು. ನಂಗೆ ದನಿ ಬಂತು, ನಿಂಗೆ ಏನೂ ಬರ್ಲಿಲ್ಲ.' ಆಮೇಲೆ ನನ್ನ ಕೈ ಬಿಡದೆಯೇ, 'ಆದ್ರೂ ಒಂದು ಹೇಳು. ಅವತ್ತು ನಾನು ಬಾಯಿ ಬಿಡ್ದೇ ಇದ್ದಿದ್ದು ಸರಿ ಅಲ್ವಾ? ನೀನು ತೊದಲಿದ ಆ ಎರಡು ವಾರ ಬಿಟ್ರೆ, ಆ ತೊದಲನ್ನ ಅಮ್ಮ ದಿನಾ ಕೇಳೋ ಹಾಗಾಗ್ಲಿಲ್ಲ. ಅಷ್ಟಾದ್ರೂ ಒಳ್ಳೇದೇ ಆಯ್ತು ತಾನೆ?'

'ಸರಿ ಕಣೋ' ಅಂದೆ. 'ಗೆಳೆತನದಲ್ಲಿ ಕ್ಷಮೆ ಕೇಳೋನು ಗೆಳೆಯನೇ ಅಲ್ಲ' ಅಂತ ಒಂದು ಡೈಲಾಗನ್ನೂ ಸೇರಿಸಿದೆ. ಅವನು ನಕ್ಕ. ಹಳೆಯ ನಗುವಾಗಿರಲಿಲ್ಲ ಅದು. ಅವನು ಹೋದ ಮೇಲೆ ಎಷ್ಟೋ ಜನರ ಟಿಕೆಟ್ಟನ್ನು ಹರಿಯದೆಯೇ ಒಳಗೆ ಬಿಟ್ಟೆ. ಅವತ್ತಿನಿಂದ ಆ ಗೇಟಿನ ಕಥೆ ಬಾಯಿಗೆ ಸರಿಯಾಗಿ ಬರುತ್ತಿಲ್ಲ. ಹಾಗಾಗಿ ನಿಮಗೆ ಉಳಿದದ್ದನ್ನೂ ಹೇಳಿಬಿಡುತ್ತೇನೆ.

ನನ್ನ ಬಸ್ಸಿನ ಹಿಂದಿನ ದಿನ ಬೆಳಗ್ಗೆ ಎಂದಿನಂತೆ ಅಟ್ಟದಲ್ಲಿ ಮಲಗಿ 'ಅ... ಅಮ್ಮಾ' ಅಂದೆ. ಚೆನ್ನಾಜಮ್ಮ ಮಿಷನ್ನು ನಿಲ್ಲಿಸದೆಯೇ ಹೇಳಿದರು, 'ಇಳ್ದು ಬಾ ರೇಣುಕಾ. ಕಾಫಿ ಕೆಳಗೇ ಕುಡಿ.' ಇಳಿದೆ. ಕೂದಲಲ್ಲಿ ಜೇಡರ ಬಲೆ. ಅವರು ಒಂದು ಮದುವೆ ಸೀರೆಗೆ ಫಾಲ್ ಹಚ್ಚುತ್ತಿದ್ದರು. ಮುಖ ಎತ್ತಲಿಲ್ಲ.

'ಯಾವಾಗ ಗೊತ್ತಾಯ್ತು ದೊಡ್ಡಮ್ಮ? ಕಾಫಿ ಕುಡಿದಾಗಲಾ?'

'ಅದ್ಕೂ ಮುಂಚೆ. ನೀನು ಮೊದಲನೇ ಮಾತು ಆಡ್ದಾಗ್ಲೇ.' ದಾರ ಕಚ್ಚಿ ಕತ್ತರಿಸಿದರು. 'ಅವನು ನನ್ ಹತ್ರ ತೊದಲ್ತಿರ್ಲಿಲ್ಲ ಕಣಪ್ಪ.'

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಹೊರಗಿನಿಂದ ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ, ಮನೆಯಲ್ಲಿ ಅವರಿಬ್ಬರೇ ಇದ್ದರೆ, ಇಂದುಧರನ ಮಾತು ನೀರಿನ ಹಾಗೆ ಹರಿಯುತ್ತಿತ್ತಂತೆ. ಕಾಲೇಜಿನಲ್ಲಿ ನಡೆದದ್ದೆಲ್ಲ ಗಂಟೆಗಟ್ಟಲೆ ಹೇಳುತ್ತಿದ್ದನಂತೆ. ಯಾರಾದರೂ ಬಾಗಿಲು ತಟ್ಟಿದರೆ ಮತ್ತೆ ಶುರು. ಗೋಡೆಯಾಚೆಯ ನಾನೂ ಅದನ್ನು ಯಾವತ್ತೂ ಕೇಳಿರಲಿಲ್ಲ. ನಾನು ಕಾಲಿಟ್ಟ ಕೂಡಲೇ ಅದು ನಿಂತುಹೋಗುತ್ತಿತ್ತಲ್ಲ.

'ಅವನಿಗೆ ಗೊತ್ತಿತ್ತಾ?'

'ಗೊತ್ತಿರ್ಲಿಲ್ಲ ಕಣಪ್ಪ. ಹೊರಗಿನ ನಗೆ ಅವನ ಕಿವೀಲಿ ತುಂಬ್ಕೊಂಡಿತ್ತು, ಇದು ಕೇಳಿಸ್ತಿರ್ಲಿಲ್ಲ. ನಾನು ಹೇಳಿದ್ರೆ ಅದ್ನೇ ಯೋಚ್ನೆ ಮಾಡಿ ನನ್ ಹತ್ರಾನೂ ಮಾತು ನಿಂತೋದ್ರೆ ಅಂತ ಹೆದ್ರಿ ಹೇಳ್ಲಿಲ್ಲ. ಹೇಳಿದ್ದಿದ್ರೆ ಒಂದು ಮಾತಾದ್ರೂ ಬಿಟ್ಟು ಹೋಗ್ತಿದ್ನೇನೋ. ಅವತ್ತು ಬೀದಿಯೋರ್ನೆಲ್ಲ ಕರ್ದು ಕೂರಿಸ್ಕೊಂಡಿದ್ದೂ ನಾನೇ.' ಸೀರೆಯನ್ನು ತಿರುಗಿಸಿ ಹಾಕಿದರು. 'ಅವನಿಗೆ ನೀನೂ ಹೇಳ್ಬೇಡ. ಈಗ ತಿಳಿದ್ರೆ ತಡ್ಕೊಳಲ್ಲ. ನೀನು ನಾಳೆ ಹೋಗು ಮಗಾ. ಇಷ್ಟ್ ದಿನ ಬಂದು ತೊದಲ್ದೆ, ಬೇಡ ಅನ್ನೋಕೆ ಮನಸ್ಸಾಗ್ಲಿಲ್ಲ. ನಂಗೆ ಅಟ್ಟದಲ್ಲಿ ಯಾರೂ ಬೇಡ. ನೀನು ಓದು.'

ಮರುದಿನ ನಮ್ಮ ಮನೆಯಲ್ಲಿ ದನಿ ಕೂರಿಸಿದರು. ಬೀದಿಯೇ ಸೇರಿತ್ತು. ನಾನು ಎಲ್ಲರ ದನಿ ತೆಗೆದು ನಗಿಸಿದೆ, ಪ್ರಿನ್ಸಿಪಾಲ್, ತರಕಾರಿಯವನು, ವಿಲನ್ನು, ಹೀರೋ. ಅಪ್ಪ ಎಲ್ಲ ಮುಗಿಯುವವರೆಗೂ ಕಂಬಕ್ಕೊರಗಿ ಕೂತಿದ್ದು, 'ಇವ್ರೆಲ್ಲ ಬೇಡ ಕಣ್ಲಾ, ನಿನ್ ದನೀಲಿ ಒಂದು ಮಾತಾಡು' ಅಂದರು. ನಾನು ಬಾಯಿ ತೆರೆದೆ. ಯಾವುದು ನನ್ನದು ಅಂತ ಹುಡುಕುತ್ತಿದ್ದಾಗಲೇ ಬಸ್ಸಿನ ಹಾರನ್ ಕೇಳಿಸಿತು.

ಸೇತುವೆಯ ಮುಂದೆ ನಮ್ಮೂರ ಬಸ್ಸು ಒಂದು ಗಳಿಗೆ ನಿಲ್ಲುತ್ತದೆ, ಹೋಗುವವರು ನೀರು ಕುಡಿದುಕೊಳ್ಳಲಿ ಅಂತ. ನಾನು ನೀರು ಕುಡಿದೆ. ಗಂಟಲಿನಲ್ಲಿ ಏನೋ ಸಡಿಲವಾದ ಹಾಗಾಯಿತು, ಬೀಳುವ ಹಲ್ಲನ್ನು ನಾಲಿಗೆ ಮುಟ್ಟಿದ ಹಾಗೆ. ಇದೂ ಹೋದರೆ ಆ ದೊಡ್ಡ ಊರಿನಲ್ಲಿ ನಾನು ಯಾರು? ಕಿವಿ ಇದೆ ಅಂದಿದ್ದರು ಮೇಡಂ. ಪಕ್ಕದ ಮನೆಯ ಗೆಳೆಯನ ನಿಜವಾದ ದನಿಯನ್ನೇ ಕೇಳದ ಕಿವಿ ಅದು. ಚೀಲ ತೆಗೆದುಕೊಂಡು ಇಳಿದೆ. ಹೊಲದ ಬದುವಿನ ಮೇಲೆ ನಡೆದು ಬಂದೆ. ಬಾಗಿಲಲ್ಲಿ ಅಪ್ಪ 'ಯಾಕ್ಲಾ?' ಅಂದಾಗ ಬಾಯಿಗೆ ಬಂದದ್ದು, 'ದೊಡ್ಡಮ್ಮ ಕೂಗಿದ್ರು.'

ಬೀದಿಯ ಹೆಂಗಸರು ಹೋಗಿ ಚೆನ್ನಾಜಮ್ಮನನ್ನು ಕೇಳಿದರು. ನಾನು ಗೋಡೆಯಾಚೆಯಿಂದ ಕೇಳುತ್ತಿದ್ದೆ. ಮಿಷನ್ನು ಸ್ವಲ್ಪ ಹೊತ್ತು ನಿಂತಿತು. 'ಹೂಂ ಕಣವ್ವ, ನಾನೇ ಕೂಗ್ದೆ' ಅಂದರು. ಅವತ್ತಿನಿಂದ ಊರು ಅವರನ್ನು 'ತನ್ನ ಮಗನ್ನ ಕಳಿಸಿ, ತಾಯಿಲ್ಲದ ಹುಡುಗನ ಓದು ತಿಂದೋಳು' ಅನ್ನುತ್ತದೆ. ಮದುವೆ ಸೀರೆಗಳನ್ನು ಅವರ ಕೈಗೆ ಕೊಡುವುದನ್ನು ಜನ ಬಿಟ್ಟಿದ್ದಾರೆ. ನಾನು ಗೇಟಿನಲ್ಲಿ ನಿಂತು ಆ ಕೂಗನ್ನು ಅವರ ದನಿಯಲ್ಲೇ ಕೂಗಿ ತೋರಿಸುತ್ತೇನೆ, ದಿನಕ್ಕೆ ಮೂರು ಆಟ. ಅವರ ಮನೆಗೆ ಅದು ಕೇಳಿಸುತ್ತದೆ. ಒಂದು ದಿನವೂ ಬಂದು ಸುಳ್ಳು ಅನ್ನಲಿಲ್ಲ.

ಬಸ್ಸಿನ ಹಿಂದೆ ಯಾರೂ ಓಡಿ ಬರಲಿಲ್ಲ ಸ್ವಾಮಿ. ಅವರು ಮನೆಯಲ್ಲಿ ಕೂತು ಯಾರದೋ ಮದುವೆಗೆ ಫಾಲ್ ಹೊಲಿಯುತ್ತಿದ್ದರು. ಹೆದರಿಕೆಯಾಯಿತು, ಇಳಿದೆ.